ಇಪ್ಪತ್ತೊಂದನೆಯ ಎಲೆ

ನಮ್ಮ ಮನೆಯಲ್ಲಿ ಹಬ್ಬದ ದಿನ ಗಂಡಸರಿಗೆ ಅಂತ ಇದ್ದದ್ದು ಒಂದೇ ಕೆಲಸ, ತೋರಣ ಕಟ್ಟುವುದು. ಹೂರಣ ರುಬ್ಬುವುದು, ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡುವುದು, ರಂಗೋಲಿ, ಎಣ್ಣೆನೀರು, ಎಡೆ, ಕೊನೆಗೆ ಎಂಜಲೆಲೆ ಎತ್ತಿ ನೆಲ ಸಾರಿಸುವುದು, ಇವೆಲ್ಲ ಹೆಂಗಸರ ಪಾಲು. ಆದರೂ ಸಂಜೆ ಜಗಲಿಯ ಕಂಬಕ್ಕೆ ಒರಗಿ, "ಬೆಳಗ್ಗೆಯಿಂದ ಒಂದು ನಿಮಿಷ ಕೂರೋಕಾಗಿಲ್ಲ" ಎಂದು ಸೊಂಟ ಹಿಡಿದುಕೊಳ್ಳುತ್ತಿದ್ದವರು ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು. ಕಟ್ಟಿದ್ದು ಎಷ್ಟು? ತಲೆಬಾಗಿಲಿಗೊಂದು, ಹಿತ್ತಲ ಬಾಗಿಲಿಗೊಂದು, ದೇವರ ಮನೆಗೆ ಗಿಡ್ಡದ್ದೊಂದು, ಎಲೆ ಉಳಿದರೆ ಕೊಟ್ಟಿಗೆಗೊಂದು.

ಆ ವಂಶದ ಕುಡಿ ನಾನು. ಬೆಂಗಳೂರಿನ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ ಈಗ ನನ್ನ ಪಾಲಿಗೆ ಉಳಿದಿರುವುದು ಒಂದೇ ಬಾಗಿಲು. ಹಿತ್ತಲಿಲ್ಲ, ಕೊಟ್ಟಿಗೆಯಿಲ್ಲ, ದೇವರು ಅಡುಗೆಮನೆಯ ಕಪಾಟಿನಲ್ಲಿ ಬೇಳೆ ಡಬ್ಬಿಗಳ ನೆರೆಯಲ್ಲಿ ಸುಖವಾಗಿದ್ದಾನೆ. ಆ ಒಂದು ಬಾಗಿಲಿನ ಕೆಲಸವೂ ಎರಡು ವರ್ಷದ ಹಿಂದೆ ಕೈತಪ್ಪುವುದರಲ್ಲಿತ್ತು. ಮಗಳು ಪ್ಲಾಸ್ಟಿಕ್ ತೋರಣ ತಂದಳು. ಅಚ್ಚ ಹಸಿರು ಎಲೆ, ನಡುನಡುವೆ ಕೇಸರಿ ಚೆಂಡುಹೂವು, ಧೂಳು ಕೂತರೆ ನಲ್ಲಿಯ ಕೆಳಗೆ ಹಿಡಿದರಾಯಿತು. "ಅಪ್ಪಾ, ಇದು ಲೈಫ್‌ಟೈಮ್ ಬರತ್ತೆ" ಎಂದಳು. ಯಾರ ಲೈಫ್‌ಟೈಮ್ ಎಂದು ನಾನು ಕೇಳಲಿಲ್ಲ. 2016ರಲ್ಲಿ ಕರ್ನಾಟಕ ಸರ್ಕಾರ ನಿಷೇಧಿಸಿದ ಪ್ಲಾಸ್ಟಿಕ್ ಸಾಮಾನುಗಳ ಪಟ್ಟಿಯಲ್ಲಿ ಕೈಚೀಲ, ಫ್ಲೆಕ್ಸ್, ಬ್ಯಾನರುಗಳ ಜೊತೆಗೆ ಬಂಟಿಂಗ್ ಕೂಡ ಇತ್ತು. ಬಂಟಿಂಗ್ ಅಂದರೆ ತೋರಣವೇ ತಾನೇ ಎಂದು ವಾದ ಹೂಡಿ, ಕಾನೂನಿನ ಬಲದಿಂದ ನನ್ನ ಕೆಲಸ ಉಳಿಸಿಕೊಂಡೆ. ಮಗಳು ವಕೀಲೆಯಲ್ಲದ್ದು ನನ್ನ ಪುಣ್ಯ.

ತೋರಣ ಅಂದಾಕ್ಷಣ ನಮ್ಮ ಬಾಯಿಗೆ ಅದರ ಹಿಂದೆ 'ತಳಿರು' ಬಂದೇ ಬರುತ್ತದೆ. ಜಾತ್ರೆಯ ವರದಿ ಬರೆಯುವವರು ಊರನ್ನು ತಳಿರು ತೋರಣಗಳಿಂದಲ್ಲದೆ ಬೇರೆ ಯಾವುದರಿಂದಲೂ ಸಿಂಗರಿಸುವುದಿಲ್ಲ. ತಳಿರು ಅಂದರೆ ಚಿಗುರೆಲೆ. ಆ ಮಾತನ್ನು ನಂಬಿಕೊಂಡು, ಏಳೋ ಎಂಟೋ ವರ್ಷದವನಿದ್ದಾಗ, ಯುಗಾದಿಯ ಹಿಂದಿನ ಸಂಜೆ ನಾನೇ ಎಲೆ ತರುತ್ತೇನೆಂದು ಹಟ ಹಿಡಿದು ಹೋದೆ. ಮಾವಿನ ಎಳೆಯ ಎಲೆ ನೋಡಿದವರಿಗೆ ಗೊತ್ತು, ತಾಮ್ರದ ಚೆಂಬಿನ ಬಣ್ಣ, ರೇಷ್ಮೆಯ ನುಣುಪು. ಬುಟ್ಟಿ ತುಂಬ ಅವನ್ನೇ ಕಿತ್ತು ತಂದೆ. ಅಪ್ಪ ಬೈಯಲಿಲ್ಲ, ನಾನು ತಂದದ್ದನ್ನೇ ಕಟ್ಟಿ ತೂಗುಹಾಕಿದರು. ಬೆಳಗ್ಗೆ ಬೇವು ಬೆಲ್ಲ ತಿನ್ನುವ ಹೊತ್ತಿಗೆ ತೋರಣ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮಧ್ಯಾಹ್ನಕ್ಕೆ ಸುರುಟಿ ಕಪ್ಪಾಗಿ, ಬಾಗಿಲಿಗೆ ಯಾರೋ ಬಾವಲಿಗಳನ್ನು ಕಟ್ಟಿದ ಹಾಗೆ ಕಾಣುತ್ತಿತ್ತು. ಅಜ್ಜಿ ಅದರ ಕೆಳಗೆ ನಿಂತು ನೋಡಿ ನಕ್ಕಳು. "ಹಾಲುಗಲ್ಲದ ಮಗೂನ ಎತ್ತಿಕೊಂಡು ಬಂದು ಬಾಗಿಲು ಕಾಯೋಕೆ ನಿಲ್ಲಿಸಿದೀಯಲ್ಲೋ!"

ತೋರಣಕ್ಕೆ ಬೇಕಾದದ್ದು ಬಲಿತ ಎಲೆ. ಮಾವಿನ ಚಿಗುರು ಮರದಲ್ಲಿದ್ದಾಗಲೇ ಜೋತುಕೊಂಡಿರುತ್ತದೆ. ವಾರಗಳು ಕಳೆದ ಮೇಲೆ ಕೆಂಪು ಇಳಿದು, ಹಸಿರು ಏರಿ, ನಡುನರ ಗಟ್ಟಿಯಾಗಿ ನೆಟ್ಟಗಾಗುತ್ತದೆ. ಮೈಮೇಲೆ ಮೇಣದಂಥ ಹೊಳಪು ಬಂದರೆ ಒಳಗಿನ ನೀರು ಬೇಗ ಆರುವುದಿಲ್ಲ. ಅಂಥ ಎಲೆ ಕಿತ್ತ ಮೂರು ನಾಲ್ಕು ದಿನಕ್ಕೂ ಎಲೆಯ ಹಾಗೇ ಇರುತ್ತದೆ. ಆಮೇಲೂ ಬಾಡುವುದಿಲ್ಲ, ಇದ್ದ ಆಕಾರದಲ್ಲೇ ಒಣಗುತ್ತದೆ. ಹೊಗಳಿಕೆಯೆಲ್ಲ ತಳಿರಿಗೆ, ದುಡಿಮೆಯೆಲ್ಲ ಬಲಿತ ಎಲೆಗೆ. ಮನೆಯ ಹಿರಿಯ ಮಗನಾದ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಬಲಿತ ಎಲೆ ಕೀಳುವುದು ಸುಲಭವಲ್ಲ. ನಮ್ಮ ಗದ್ದೆಬದುವಿನ ಮರದಲ್ಲಿ ಕೆಂಜಿಗದ ಗೂಡುಗಳಿದ್ದವು. ಈ ಇರುವೆಗಳು ತೋರಣ ಕಟ್ಟುವುದರಲ್ಲಿ ನಮಗಿಂತ ಹಳಬರು. ಒಂದು ಸಾಲು ಇರುವೆ ಎರಡೆಲೆಗಳ ಅಂಚನ್ನು ಕಚ್ಚಿ ಎಳೆದು ಹತ್ತಿರ ತಂದು ಹಿಡಿದುಕೊಳ್ಳುತ್ತವೆ. ಇನ್ನೊಂದಷ್ಟು ತಮ್ಮದೇ ಮರಿಹುಳುಗಳನ್ನು ಬಾಯಲ್ಲಿ ಕಚ್ಚಿಕೊಂಡು ಬಂದು, ನೇಕಾರನ ಲಾಳಿಯ ಹಾಗೆ ಆ ಅಂಚಿಗೂ ಈ ಅಂಚಿಗೂ ಓಡಾಡಿಸುತ್ತವೆ. ಹುಳು ಬಿಡುವ ನೂಲಿನಿಂದ ಎಲೆ ಹೊಲಿಗೆ ಬೀಳುತ್ತದೆ. ಇದನ್ನೆಲ್ಲ ಮೈಮರೆತು ನೋಡಬಹುದು, ಆದರೆ ಕೊಂಬೆಯ ಮೇಲೆ ಚಡ್ಡಿ ಹಾಕಿಕೊಂಡು ಕೂತವನು ನೋಡುತ್ತಾ ಕೂರಬಾರದು. ಮಾವಿನ ಸೊನೆ ಬೇರೆ. ತೊಟ್ಟು ಮುರಿದಲ್ಲಿ ಒಸರುವ ಆ ರಸ ಗೇರಿನ ಎಣ್ಣೆಯ ನಂಟಿನದು, ಮೆತ್ತನೆಯ ಚರ್ಮಕ್ಕೆ ತಗುಲಿದರೆ ಸುಟ್ಟು ಕಲೆ ಮಾಡುತ್ತದೆ. ಹಬ್ಬದ ದಿನ ಮೂತಿಯ ಮೇಲೆ ಕಪ್ಪು ಕಲೆ ಇದ್ದ ಹುಡುಗ ಅಂದರೆ ತೋರಣದ ಹುಡುಗ ಎಂದು ಊರಿಗೇ ಗೊತ್ತಾಗುತ್ತಿತ್ತು.

ಈಗ ಕೆಂಜಿಗವೂ ಇಲ್ಲ, ಸೊನೆಯೂ ಇಲ್ಲ, ಗಾಂಧಿ ಬಜಾರಿದೆ. ಕಳೆದ ದೀಪಾವಳಿಗೆ ನೀರು ತುಂಬುವ ಹಬ್ಬದ ಸಂಜೆ ಹೋದೆ. ಚೆಂಡುಹೂವಿನ ಗುಡ್ಡೆಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಮೆಕ್ಸಿಕೋ ಕಡೆಯಿಂದ ಸಮುದ್ರ ದಾಟಿ ಬಂದ ಹೂವು ಅದು. ಅಲ್ಲಿಯವರು ನವೆಂಬರ್ ಮೊದಲಲ್ಲಿ ಸತ್ತವರನ್ನು ಕರೆಯಲು ದಾರಿಗೆ ಸುರಿಯುತ್ತಾರೆ, ನಾವು ಸುಮಾರು ಅದೇ ಹೊತ್ತಿಗೆ ಲಕ್ಷ್ಮಿಯನ್ನು ಕರೆಯಲು ಬಾಗಿಲಿಗೆ ಕಟ್ಟುತ್ತೇವೆ. ಮಾವಿನೆಲೆಯ ಕಟ್ಟಿಗೆ ನಲವತ್ತು ರೂಪಾಯಿ ಎಂದಳು ಮಾರುವಾಕೆ. ಎಲೆಗಾ ಎಂದೆ. "ಮರ ನಿಮ್ಮನೇಲೇ ಇದ್ರೆ ಪುಕ್ಕಟೆ ಸಾ" ಎಂದಳು. ಕೊಟ್ಟೆ.

ಕಟ್ಟು ಬಿಚ್ಚಿ ನೋಡಿದರೆ ಮೂರರಲ್ಲೊಂದು ಎಲೆಗೆ ಮೈತುಂಬ ಗಂಟು. ಸಣ್ಣ ನೊಣವೊಂದು ಎಳೆಯ ಎಲೆಯಲ್ಲಿ ಮೊಟ್ಟೆಯಿಟ್ಟರೆ ಹೀಗೆ ಸಿಡುಬು ಎದ್ದ ಹಾಗೆ ಆಗುತ್ತದೆ. ಅವನ್ನು ತೆಗೆದಿಟ್ಟೆ. ಚಿಗುರನ್ನು ತೆಗೆದಿಟ್ಟೆ. ಮಿಕ್ಕದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿ ರಾತ್ರಿ ನೀರುಮನೆಯಲ್ಲಿಟ್ಟೆ. "ಸ್ನಾನ ಮಾಡಿಸಿ ಮಲಗಿಸಿದ್ರಾ?" ಎಂದಳು ಹೆಂಡತಿ. ಒಳಗೆ ಒಬ್ಬಟ್ಟಿಗೆ ಬೇಳೆ ಬೇಯುತ್ತಿತ್ತು. ನಾನು ಬೆಳಗ್ಗೆಯಿಂದ ಮಾಡಿದ ಕೆಲಸ ಇಷ್ಟೇ ಎಂಬುದು ಆ ಮಾತಿನೊಳಗೆ ಇತ್ತು.

ಕಟ್ಟುವ ಬಗೆ ಮನೆಗೊಂದು. ಎಲೆಯನ್ನು ದಾರದ ಮೇಲೆ ಮಡಚಿ ಹಂಚಿಕಡ್ಡಿಯ ಚೂರು ಚುಚ್ಚುವವರೇ ಹೆಚ್ಚು. ಊಟದ ಎಲೆ ಹಚ್ಚುವ ಕೈಗೆ ಅದೇ ಸಲೀಸು. ಅಜ್ಜಿಯದು ಬೇರೆ ಪಂಥ. ಅವಳ ತೋರಣಕ್ಕೆ ಎಲೆ ಮತ್ತು ಹುರಿ ಬಿಟ್ಟರೆ ಮೂರನೆಯ ವಸ್ತು ಇರಕೂಡದು. ಮಾವಿನೆಲೆಯ ತೊಟ್ಟನ್ನು ಗಮನವಿಟ್ಟು ನೋಡಿ: ಎಲೆಯ ಕಡೆ ತೆಳ್ಳಗಿದ್ದು, ಕೊಂಬೆಗೆ ಅಂಟಿಕೊಂಡಿದ್ದ ಬುಡದಲ್ಲಿ ಉಬ್ಬಿರುತ್ತದೆ, ಬೆಂಕಿಕಡ್ಡಿಗೆ ಮದ್ದಿನ ತಲೆ ಇದ್ದ ಹಾಗೆ. ಆ ಉಬ್ಬು ಉಳಿಯಬೇಕಾದರೆ ಕತ್ತರಿ ತಾಗಿಸಬಾರದು, ಎಲೆಯನ್ನು ಹಿಂದಕ್ಕೆ ಬಗ್ಗಿಸಿ ಬುಡಸಮೇತ ಚಟ್ಟನೆ ಕೀಳಬೇಕು. ಹೊಳೆಯುವ ಮೈ ಹೊರಗಿರಲಿ. ತೊಟ್ಟಿನ ಹತ್ತಿರ ಎರಡು ಬೆರಳಷ್ಟು ಎಲೆಯನ್ನು ಹುರಿಯ ಮೇಲೆ ಹಿಂದಕ್ಕೆ ಮಡಚಬೇಕು. ಮಡಚಿದ ಭಾಗದ ಕೆಳಗೆ, ನಡುನರದ ಪಕ್ಕದಲ್ಲೇ, ಹೆಬ್ಬೆರಳ ಉಗುರಿನಿಂದ ಒಂದು ಸಣ್ಣ ಸೀಳು. ತೊಟ್ಟನ್ನು ಆ ಸೀಳಿನಲ್ಲಿ ಹಿಂದಿನಿಂದ ಮುಂದಕ್ಕೆ ತೂರಿಸಿದರೆ ಉಬ್ಬಿದ ತಲೆ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಟಪ್ಪೆಂದು ದಾಟುತ್ತದೆ. ದಾಟಿದ ಮೇಲೆ ವಾಪಸು ಬರುವುದಿಲ್ಲ. ಅಂಗಿಯ ಕಾಜಕ್ಕೆ ಗುಂಡಿ ಹಾಕಿದ ಹಾಗೆ. ಉಗುರು ನಡುನರಕ್ಕೆ ತಾಗಿದರೆ ಎಲೆ ಗೋಣು ಮುರಿದುಕೊಳ್ಳುತ್ತದೆ, ಅಂಚಿಗೆ ಸರಿದರೆ ಹರಿಯುತ್ತದೆ. ಆ ಟಪ್ಪೆಂಬ ಸಣ್ಣ ಸದ್ದಿಗಾಗಿಯೇ ನಾನು ಇವತ್ತಿಗೂ ತೋರಣ ಕಟ್ಟುತ್ತೇನೆ ಎಂದರೂ ತಪ್ಪಿಲ್ಲ.

ಮೇಲಿನ ಮಹಡಿಯಲ್ಲಿ ಒಬ್ಬರು ಸ್ಟೇಪ್ಲರ್ ಹಿಡಿದು ಎರಡೇ ನಿಮಿಷದಲ್ಲಿ ತೋರಣ ಮುಗಿಸುತ್ತಾರೆ. ಅವರಿಗೆ ನಾನು ಲಿಫ್ಟಿನಲ್ಲಿ ಉಪನ್ಯಾಸ ಕೊಟ್ಟಿದ್ದೇನೆ. ಎಲೆ ಒಣಗುತ್ತಾ ಕುಗ್ಗುತ್ತದೆ, ಪಿನ್ ಕುಗ್ಗುವುದಿಲ್ಲ. ಒಂದು ದಿನ ಸಡಿಲಾಗಿ ಹೊಸ್ತಿಲ ಮೇಲೆ ಉದುರುತ್ತದೆ. ಮನೆಗೆ ಬರುವ ಲಕ್ಷ್ಮಿ ಬರಿಗಾಲಲ್ಲಿ ಬರುತ್ತಾಳೆ. ಈ ಕೊನೆಯ ವಾಕ್ಯದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯಿದೆ. ಅವರು ಪ್ರತಿಯಾಗಿ ಮಾವಿನೆಲೆ ಆಮ್ಲಜನಕ ಬಿಡುತ್ತದೆ, ಅದಕ್ಕೇ ನಮ್ಮ ಹಿರಿಯರು ಕಟ್ಟುತ್ತಿದ್ದರು ಎಂಬ ವಾಟ್ಸ್ಯಾಪ್ ಜ್ಞಾನ ಕೊಟ್ಟರು. ಕಿತ್ತ ಎಲೆಯಲ್ಲಿ ನೀರಿನ ಪಸೆ, ಮೈಮೇಲೆ ಬೆಳಕು ಇರುವವರೆಗೆ ಆ ಕೆಲಸ ಒಂದಿಷ್ಟು ನಡೆದೀತು. ಆದರೆ ಇಪ್ಪತ್ತೊಂದು ಎಲೆಯ ಆಮ್ಲಜನಕ ನಂಬಿಕೊಂಡು ಉಸಿರಾಡುವ ಮನೆಯವರು ಕಿಟಕಿ ತೆರೆದಿಟ್ಟುಕೊಳ್ಳುವುದು ಒಳ್ಳೆಯದು. ಹಿರಿಯರು ಚಂದ ಕಾಣುತ್ತದೆಂದು ಕಟ್ಟಿದರು ಎಂದರೆ ಅವರ ಮರ್ಯಾದೆ ಕಡಿಮೆಯಾಗುತ್ತದೆಯೇ? ಬೇಲೂರಿನಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಗುಡಿಯ ಬಾಗಿಲ ಮೇಲೆ ಮಕರತೋರಣ ಕಡೆದಿದ್ದಾರೆ. ಅದಕ್ಕೂ ಸಾವಿರ ವರ್ಷ ಮೊದಲು ಸಾಂಚಿಯಲ್ಲಿ ಮರದ ಜೋಡಣೆಯನ್ನೇ ಕಲ್ಲಿನಲ್ಲಿ ಇಳಿಸಿ ಹೆಬ್ಬಾಗಿಲ ತೋರಣಗಳನ್ನು ನಿಲ್ಲಿಸಿದ್ದಾರೆ. ಕಲ್ಲು ಯಾವ ಗಾಳಿಯನ್ನು ಶುದ್ಧಿ ಮಾಡುತ್ತದೆ?

ಎಲೆ ಎಷ್ಟು ಎಂಬುದಕ್ಕೆ ಅಜ್ಜಿಯ ಲೆಕ್ಕ ಒಂದೇ, ಬೆಸ ಇರಬೇಕು. ನಮ್ಮ ಬಾಗಿಲು ಮೂರಡಿ ಅಗಲ. ಒಂದೆಲೆಗೆ ಒಂದೂಮುಕ್ಕಾಲು ಇಂಚು ಹಿಡಿದರೆ ಇಪ್ಪತ್ತೊಂದು ಹೆಚ್ಚುಕಮ್ಮಿ ಸರಿಯಾಗಿ ಕೂರುತ್ತದೆ. ಬೆಳಗ್ಗೆ ಐದಕ್ಕೆ ಎದ್ದು, ಸೆಣಬಿನ ಹುರಿಯನ್ನು ಕಿಟಕಿಯ ಸರಳಿನಿಂದ ಕುರ್ಚಿಗೆ ಬಿಗಿದು, ಒಂದೊಂದಾಗಿ ಗುಂಡಿ ಹಾಕುತ್ತಾ ಹೋದೆ. ಹತ್ತರವರೆಗೆ ಬೆರಳು ಮರೆತದ್ದನ್ನು ನೆನಪು ಮಾಡಿಕೊಳ್ಳುತ್ತಿತ್ತು, ಹತ್ತರ ಮೇಲೆ ತಾನೇ ಓಡಿತು. ಇಪ್ಪತ್ತಾಯಿತು. ಕೊನೆಯದರ ತೊಟ್ಟು ಸೀಳಿನ ಬಾಯಲ್ಲೇ ಮುರಿಯಿತು. ಬುಟ್ಟಿಯಲ್ಲಿ ನೋಡಿದರೆ ಉಳಿದದ್ದು ಬರೀ ತಳಿರು, ಇಲ್ಲವೇ ಗಂಟೆದ್ದವು. ಹತ್ತೊಂಬತ್ತಕ್ಕೆ ಇಳಿಸೋಣವೆಂದರೆ ಒಂದು ಬದಿ ಬೋಳಾಗಿ ಕಾಣುತ್ತಿತ್ತು. ಒಳಗೆ ಹೋಗಿ ಬಂದೆ. ಇಪ್ಪತ್ತೊಂದಾಯಿತು.

ಇನ್ನು ನೇತುಹಾಕುವ ಕಷ್ಟ. ಊರಿನ ಮನೆಯ ಬಾಗಿಲವಾಡದಲ್ಲಿ ಮುತ್ತಜ್ಜನ ಕಾಲದ ಮೊಳೆಗಳೆರಡು ಇದ್ದವು, ತೋರಣಕ್ಕೆಂದೇ. ಇಲ್ಲಿ ಪಾಲಿಶ್ ಹೊಡೆದ ಚೌಕಟ್ಟು, ಮೊಳೆ ಹೊಡೆದರೆ ಅದರ ಗೌರವಕ್ಕೆ ಕುಂದು. ಅಂಟಿಸುವ ಕೊಕ್ಕೆಗಳನ್ನು ತಂದೆ, ಎರಡು ಕಿಲೋ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಒಂಬತ್ತು ಗಂಟೆಗೆ ಕೊರಿಯರ್ ಹುಡುಗ ಬಂದ. ನಾನು ಬಾಗಿಲು ಎಳೆದ ರಭಸಕ್ಕೆ ಎಡಗಡೆಯ ಕೊಕ್ಕೆ ಕಳಚಿ, ತೋರಣ ಅವನ ಹೆಗಲ ಮೇಲೆ ಶಲ್ಯದ ಹಾಗೆ ಬಿತ್ತು. ಅವನು ಗಾಬರಿಯಾಗದೆ ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಸಹಿ ಹಾಕಿಸಿಕೊಂಡು, "ಹ್ಯಾಪಿ ದೀಪಾವಳಿ ಸಾರ್" ಎಂದ. ಒಬ್ಬಟ್ಟು ಕೊಟ್ಟು ಕಳಿಸಿದೆವು. ಮಧ್ಯಾಹ್ನ ಬಡಗಿಯನ್ನು ಕರೆಸಿ ಎರಡು ಮೊಳೆ ಹೊಡೆಸಿದೆ.

ಎದುರು ಬಾಗಿಲಿನವರು ಮಂಗಳೂರಿನ ಕಡೆಯ ಕ್ರೈಸ್ತರು. ಗಂಡ ಹಡಗಿನ ಕಂಪನಿಯಲ್ಲಿ, ವರ್ಷದ ಅರ್ಧ ನೀರಿನ ಮೇಲೆ. ಡಿಸೆಂಬರ್ ಬಂದರೆ ಆಕೆ ಬಾಗಿಲಿಗೆ ಹಸಿರು ಬಳೆಯೊಂದನ್ನು ಕಟ್ಟುತ್ತಾರೆ. ಈ ಸಲ ಕಾರಿಡಾರಿನಲ್ಲೇ ಚಾಪೆ ಹಾಸಿಕೊಂಡು ಮಾಡುತ್ತಿದ್ದರು, ನಾನು ಪೇಪರ್ ನೆಪದಲ್ಲಿ ನಿಂತೆ. ಬಟ್ಟೆ ತೂಗುಹಾಕುವ ಹಳೆಯ ತಂತಿಯನ್ನು ಬಗ್ಗಿಸಿ ದುಂಡಗೆ ಮಾಡಿ, ಅದಕ್ಕೆ ಹಳೆ ಪೇಪರ್ ಸುತ್ತಿ ದಪ್ಪ ಮಾಡಿದ್ದರು. ಊರಿನಿಂದ ತಮ್ಮ ತಂದುಕೊಟ್ಟ ಸರ್ವೆಯ ಟಿಸಿಲುಗಳ ರಾಶಿ ಪಕ್ಕದಲ್ಲಿ. ಅವರ ಕಡೆ ಅದನ್ನು ಗಾಳಿಮರ ಅನ್ನುತ್ತಾರೆ. ಗೇಣುದ್ದದ ನಾಲ್ಕೈದು ಟಿಸಿಲು ಸೇರಿಸಿ ಒಂದು ಹಿಡಿ, ಅದನ್ನು ಬಳೆಯ ಮೇಲಿಟ್ಟು ಹಸಿರು ದಾರದ ಎರಡು ಸುತ್ತು. ಮುಂದಿನ ಹಿಡಿಯ ಎಲೆ ಹಿಂದಿನದರ ಬುಡ ಮುಚ್ಚುವಂತೆ ಇನ್ನೆರಡು ಸುತ್ತು. ಹೆಂಚು ಹೊದಿಸುವ ಕ್ರಮವೇ.

"ಎಂತ ಸರ್, ನಿಮ್ಮದು ಉದ್ದಕ್ಕೆ, ನಮ್ಮದು ಉರುಟಿಗೆ" ಎಂದರು.

ನಮ್ಮಲ್ಲೂ ದುಂಡನೆಯದು ಇತ್ತು ಎಂದೆ. ಬಾಗಿಲಿಗಲ್ಲ, ಹಂಡೆಗೆ. ನೀರು ತುಂಬುವ ಹಬ್ಬದ ದಿನ ಬಚ್ಚಲ ಹಂಡೆಯನ್ನು ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತುತ್ತಿದ್ದರು. ಆಕೆ ಕೈ ನಿಲ್ಲಿಸಿ, "ಹೌದು, ನಮ್ಮ ನೆರೆಮನೆಯಲ್ಲಿ ಇತ್ತು" ಎಂದರು. ನವರಾತ್ರಿಗೆ ಆ ನೆರೆಮನೆಯವರು ಹೊಸ ಭತ್ತದ ಕದಿರನ್ನು ಮಾವಿನೆಲೆ, ಹಲಸಿನೆಲೆಯಲ್ಲಿ ಸುತ್ತಿ ಬಾಗಿಲಿಗೆ ಕಟ್ಟುವಾಗ ಇವರ ಮನೆಯ ಮಕ್ಕಳೆಲ್ಲ ಹಾಜರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ ಹೊಸ ತೆನೆ ತಂದ ದಿನ ಅವರ ಮಕ್ಕಳು ಇಲ್ಲಿ ಹಾಜರು. ಇಗರ್ಜಿಯೊಳಗೆ ಇಡುವ ಬಳೆಗೆ ನಾಲ್ಕು ಮೇಣದಬತ್ತಿ ಇರುತ್ತದೆ, ಬಾಗಿಲಿನದಕ್ಕೆ ಅದೆಲ್ಲ ಇಲ್ಲ ಎಂದು ವಿವರಿಸಿದರು. ಮೇಣದಬತ್ತಿಯ ಬಳೆಯ ಕತೆ ನಾನು ಓದಿದ್ದೆ. 1839ರಲ್ಲಿ ಹ್ಯಾಂಬುರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳನ್ನು ಸಾಕುತ್ತಿದ್ದ ಯೋಹಾನ್ ಹಿನ್ರಿಶ್ ವಿಖರ್ನ್ ಎಂಬ ಪಾದ್ರಿ, ಕ್ರಿಸ್ಮಸ್ ಎಂದು ಬರುತ್ತದೆ, ಎಂದು ಬರುತ್ತದೆ ಎಂದು ದಿನಾ ಪೀಡಿಸುತ್ತಿದ್ದ ಹುಡುಗರ ಕಾಟ ತಾಳದೆ, ಬಂಡಿಯ ಚಕ್ರವೊಂದರ ಮೇಲೆ ದಿನಕ್ಕೊಂದರಂತೆ ಮೇಣದಬತ್ತಿ ನಿಲ್ಲಿಸಿ ಹಚ್ಚುತ್ತಾ ಬಂದನಂತೆ, ಭಾನುವಾರಗಳಿಗೆ ದೊಡ್ಡದು, ಮಿಕ್ಕ ದಿನಕ್ಕೆ ಸಣ್ಣದು. "ಅವನಿಗೂ ಮಕ್ಕಳದ್ದೇ ರಗಳೆಯಾ!" ಎಂದು ಆಕೆ ನಕ್ಕರು.

"ಇದಕ್ಕೆ ಕೊನೆ ಎಲ್ಲಿ?" ಎಂದು ಕೇಳಿದೆ. ಬಳೆ ಮುಕ್ಕಾಲು ತುಂಬಿತ್ತು.

"ಅದೇ ಸರ್ ಮಂಡೆಬೆಚ್ಚ. ಕೊನೆಯದ್ದರ ಬುಡ ಮುಚ್ಚಲಿಕ್ಕೆ ಮತ್ತೊಂದಿಲ್ಲ. ಸುರುವಿನದ್ದನ್ನು ಎತ್ತಿ ಅದರ ಅಡಿಗೆ ತುರುಕಬೇಕು, ಯಾರಿಗೂ ಗೊತ್ತಾಗದ ಹಾಗೆ." ಹಾಗೆಂದು ಸರ್ವೆಯದೇ ಪುಟ್ಟ ಕಾಯಿಗಳನ್ನು, ಒಂದು ಕೆಂಪು ರಿಬ್ಬನ್ನನ್ನು ತೋರಿಸಿದರು. ತುರುಕಿದ ಜಾಗದ ಮೇಲೆ ಇವನ್ನು ಕಟ್ಟಿಬಿಟ್ಟರೆ ಮುಗಿಯಿತು. ನನಗೂ ನನ್ನ ಕೊನೆಯ ಎಲೆಯ ವಿಷಯ ಹೇಳಿಬಿಡೋಣ ಎನ್ನಿಸಿತು. ಲಿಫ್ಟಿನ ಬಾಗಿಲು ತೆರೆದು ಮೇಲಿನ ಮಹಡಿಯವರು ಹೊರಬಂದದ್ದರಿಂದ ಸುಮ್ಮನಾದೆ.

ಸಂಜೆಗೆ ಎದುರು ಬಾಗಿಲಲ್ಲಿ ಹಸಿರು ಬಳೆ, ನಮ್ಮ ಬಾಗಿಲಲ್ಲಿ ದೀಪಾವಳಿಯ ಕಂದು ತೋರಣ. ಒಣಗಿದ ತೋರಣವನ್ನು ಮುಂದಿನ ಹಬ್ಬದವರೆಗೂ ಯಾರೂ ತೆಗೆಯುವುದಿಲ್ಲ, ಅದು ನಮ್ಮವರ ಅಲಿಖಿತ ಪದ್ಧತಿ. ಗಾಳಿಗೆ ಚರಚರ ಎನ್ನುತ್ತದೆ. ಜೇಡವೊಂದು ಹದಿನಾಲ್ಕನೆಯ ಎಲೆಯಿಂದ ಗೋಡೆಗೆ ಸೇತುವೆ ಕಟ್ಟಿತ್ತು. "ರೀ, ಎದುರಿನವರದು ನೋಡಿ, ನಮ್ಮದು ನೋಡಿ. ತೆಗೀರಿ ಅದನ್ನ" ಎಂದಳು ಹೆಂಡತಿ. ಊರಿನಲ್ಲಾದರೆ ಹಳೆಯ ತೋರಣ ಹಂಡೆಯ ಒಲೆಗೆ ಹೋಗುತ್ತಿತ್ತು. ಗೌರಿ ಹಬ್ಬದ ತೋರಣದ ಬೆಂಕಿಯಲ್ಲಿ ದೀಪಾವಳಿಯ ಎಣ್ಣೆಸ್ನಾನದ ನೀರು ಕಾಯುತ್ತಿತ್ತು. ಮಾವಿನ ಒಣಗೆಲೆ ಚಿಟಪಟ ಸಿಡಿದು ಹೊಗೆಯಲ್ಲೊಂದು ಕಂಪು. ಇಲ್ಲಿ ಗೀಸರ್ ಇದೆ. ತೋರಣ ಕಸಕ್ಕೇ ಹೋಗಬೇಕು, ಹೋದ ಸಲ ಹಾಗೆಯೇ ಇಟ್ಟಾಗ ಕಸದ ಗಾಡಿಯಾಕೆ ಬೆಲ್ ಒತ್ತಿ ವಾಪಸು ಕೊಟ್ಟಿದ್ದಳು: "ಎಲೆ ಹಸಿ ಕಸಕ್ಕೆ, ದಾರ ಒಣ ಕಸಕ್ಕೆ. ಬೇರೆ ಮಾಡಿ ಕೊಡಿ ಸಾರ್."

ಬೇರೆ ಮಾಡಲು ಕೂತೆ. ಎಲೆಯ ಹಾಳೆ ಮುಟ್ಟಿದರೆ ಪುಡಿ, ಮಡಿಕೆಯ ಕುತ್ತಿಗೆ ಮಾತ್ರ ಹುರಿಯನ್ನು ಬಿಡುವುದಿಲ್ಲ. ಒಣಗಿದ ತೊಟ್ಟಿನ ಉಬ್ಬು ಕಲ್ಲಿನ ಹಾಗಾಗಿತ್ತು. ಒಂದೊಂದನ್ನೇ ಉಗುರಿನಿಂದ ಸೀಳಿ ಬಿಡಿಸಿ ಪೇಪರಿನ ಮೇಲೆ ಸಾಲಾಗಿಟ್ಟೆ, ಅಭ್ಯಾಸಬಲದಿಂದ ಎಣಿಸುತ್ತಾ. ಇಪ್ಪತ್ತು ಬಂದವು. ಹುರಿಯ ಬಲತುದಿಯಲ್ಲಿ ಒಂದೂಮುಕ್ಕಾಲು ಇಂಚು ಖಾಲಿ. ಕೆಳಗೆ ಹೊಸ್ತಿಲ ಪಕ್ಕದಲ್ಲಿ ಒಂದು ಎಲೆ ಬಿದ್ದಿತ್ತು, ಅದರಲ್ಲಿ ಎರಡು ಪುಟ್ಟ ತೂತುಗಳು ಅಕ್ಕಪಕ್ಕದಲ್ಲಿದ್ದವು, ಪಿನ್ ಮಾತ್ರ ಇರಲಿಲ್ಲ.

ಮಗಳು ಆಫೀಸಿನಿಂದ ಬರುವ ಹೊತ್ತು, ಬಂದವಳು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡುತ್ತಾಳೆ. ಕನ್ನಡಕ ಏರಿಸಿಕೊಂಡು, ಮೊಬೈಲಿನ ಟಾರ್ಚ್ ಹಾಕಿ, ಹೊಸ್ತಿಲ ಮುಂದೆ ಮಂಡಿಯೂರಿದೆ. ಎದುರು ಬಾಗಿಲು ತೆರೆಯಿತು.

"ಎಂತ ಸರ್, ಏನು ಹುಡುಕ್ತಾ ಇದ್ದೀರಿ?"